ಸುರಪುರದ ಸಾಹೇಬನೂ ತಪ್ಪೊಪ್ಪಿಗೆಯ ಕಥೆಯೂ



ಹೋದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ದಪ್ಪನಾದ ನೋಟುಪುಸ್ತಕವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, ಇದನ್ನೋದಿ ಅಭಿಪ್ರಾಯವನ್ನು ತಿಳಿಸಬೇಕೆಂದು ಬೇಡಿಕೊಂಡನು. ಅವನು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯವನು. ಪುಸ್ತಕವೋ ಪತ್ತೇದಾರಿ ಕಾದಂಬರಿ. ಕೊಲೆಯಾಗುವುದು ಲಂಡನ್ ನಗರದಲ್ಲಿ, ಮಂಜು ಕವಿದ ಒಂದು ರಾತ್ರಿ. ಕೊಲೆಯನ್ನು ಕಂಡುಹಿಡಿಯುವವನ ಬಾಯಲ್ಲಿ ಚುಂಗಾಣಿ, ತಲೆಯ ಮೇಲೆ ಟೊಪ್ಪಿಗೆ. ಗ್ರಂಥಕರ್ತನಾದ ಈ ಬಾಲಕನು ಸೋಲಾಪುರದಿಂದಾಚೆಗೆ ಕಾಲಿಟ್ಟವನಲ್ಲ. ಮಂಜನ್ನು ಅವನು ಸಿನಿಮಾದಲ್ಲಿ ಕಂಡಿದ್ದನು. ಅವನ ಊರಿನಲ್ಲಿ ಕಾಣುವುದು ಬಿಸಿಲು ಮಾತ್ರ. "ನಿಮ್ಮೂರಿನ ಕಥೆಯನ್ನೇಕೆ ಬರೆಯಬಾರದು?" ಎಂದು ಕೇಳಿದೆನು. "ನಮ್ಮೂರಾಗ ಕಥಿ ಆಗೂವಂಥಾದ್ದು ಏನದರೀ ಸರ್?" ಎಂದು ಅವನು ನಕ್ಕುಬಿಟ್ಟನು.

ಆ ನಗುವಿಗೆ ಉತ್ತರವಾಗಿ ನಾನು ಅವನಿಗೆ ಹೇಳಿದ ವಿಷಯವನ್ನೇ ಇಂದು ತಮ್ಮ ಮುಂದೆ ಕೊಂಚ ವಿಸ್ತರಿಸಿ ಹೇಳಬೇಕೆಂದಿದ್ದೇನೆ.

ತಾವು ಮನಸ್ಸಿನಲ್ಲಿ ಒಂದು ಭೂಪಟವನ್ನು ಬಿಡಿಸಿಕೊಳ್ಳಬೇಕು. ಕಲಬುರಗಿಯ ವಾಯವ್ಯಕ್ಕೆ ಆಳಂದ; ಅದೇ ದಿಕ್ಕಿಗೆ ಇನ್ನೂ ಮುಂದುವರಿದರೆ ನಳದುರ್ಗದ ಕೋಟೆ, ಅದರಾಚೆಗೆ ತುಳಜಾಪುರ. ಪಶ್ಚಿಮಕ್ಕೆ ಭೀಮಾನದಿಯ ಮಗ್ಗುಲಲ್ಲಿ ಅಫಜಲಪುರ. ಆ ತಾಲ್ಲೂಕಿನಲ್ಲಿಯೇ ಭೀಮಾ ಅಮರ್ಜಾ ನದಿಗಳು ಕೂಡುವೆಡೆಯಲ್ಲಿ ಗಾಣಗಾಪುರದ ದತ್ತಕ್ಷೇತ್ರವಿರುವುದು. ನದಿಯನ್ನು ದಾಟಿ ದಕ್ಷಿಣಕ್ಕೆ ಬಂದರೆ ಜೇವರ್ಗಿ. ಅಲ್ಲಿಂದ ಇಳಿದು ಹೋದರೆ, ಶಹಾಪುರವನ್ನು ಕಳೆದು, ಬೇಡನಾಯಕರ ರಾಜಧಾನಿಯಾಗಿದ್ದ ಸುರಪುರ. ಈ ಪರಿಧಿಯಲ್ಲಿ ತನ್ನ ಆಯುಷ್ಯದ ಬಹುಭಾಗವನ್ನು ಕಳೆದ ಒಬ್ಬ ಆಂಗ್ಲೇಯನು 1839ರಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದನು. ಪತ್ತೇದಾರಿ ಕಥೆಗೆ ಮೂಲಪುರುಷನೆಂದು ನಾವು ಪಾಠ ಹೇಳುವ ಅಮೆರಿಕದ ಪೋ ಮಹಾಶಯನು ತನ್ನ ಮೊದಲನೆಯ ಪತ್ತೇದಾರಿ ಕಥೆಯನ್ನು ಅಚ್ಚುಮಾಡಿಸಿದ್ದು 1841ರಲ್ಲಿ. ಷೆರ್ಲಾಕ್ ಹೋಮ್ಸನು ಹುಟ್ಟಿದ್ದು 1887ರಲ್ಲಿ. ಎಂದಮೇಲೆ ಅಪರಾಧದ ಕಥೆಯೆಂಬುದು ಲಂಡನ್ನಿನಿಂದ ನಮ್ಮಲ್ಲಿಗೆ ಬಂದಿತೋ, ಅಥವಾ ನಮ್ಮ ದಾರಿಗಳಿಂದಲೇ ಒಂದಂಶ ಅಲ್ಲಿಗೆ ಹೋಯಿತೋ ಎಂಬುದು ಯೋಚಿಸಬೇಕಾದ ವಿಷಯ.

ಆ ಗ್ರಂಥಕರ್ತನ ಹೆಸರು ಫಿಲಿಪ್ ಮೆಡೋಸ್ ಟೇಲರ್. ಗ್ರಂಥದ ಹೆಸರು 'ಕನ್‌ಫೆಷನ್ಸ್ ಆಫ್ ಎ ಥಗ್', ಅರ್ಥಾತ್ ಒಬ್ಬ ಠಗ್ಗನ ತಪ್ಪೊಪ್ಪಿಗೆಗಳು.

ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸು ತುಂಬುವ ಹೊತ್ತಿಗೆ ಮುಂಬಯಿಯ ಒಬ್ಬ ವರ್ತಕನಲ್ಲಿ ಕೆಲಸಕ್ಕೆಂದು ಹಡಗಿನಲ್ಲಿ ಬಂದಿಳಿದನು. ವರ್ತಕನ ಮನೆ ಹೊರಗೆ ಕಂಡಷ್ಟು ಭದ್ರವಾಗಿರಲಿಲ್ಲ. ಹುಡುಗನಿಗೆ 1824ರ ಕೊನೆಯಲ್ಲಿ ನಿಜಾಮರ ಸೈನ್ಯದಲ್ಲಿ ಒಂದು ಹುದ್ದೆ ಸಿಕ್ಕಿತು. ಕಂಪನಿಯ ನೌಕರಿಯಲ್ಲ, ಕಂಪನಿಯ ನೌಕರರಿಗಿದ್ದ ಮರ್ಯಾದೆಯೂ ಸಂಬಳವೂ ಅವನಿಗಿರಲಿಲ್ಲ. ಕೊರತೆಯೆಂದು ಕಾಣುವ ಈ ಸಂಗತಿಯೇ ಅವನಿಗೆ ಬರೆಹಗಾರನ ಭಾಗ್ಯವಾಯಿತೆಂದು ನನ್ನ ಎಣಿಕೆ. ಏಕೆಂದರೆ, ಮೇಲೇರುವ ದಾರಿಯಿಲ್ಲದವನು ಸುತ್ತಲಿನವರೊಡನೆ ಬೆರೆಯಲೇಬೇಕು. ಹಿಂದೂಸ್ತಾನಿಯನ್ನೂ ಮರಾಠಿಯನ್ನೂ ಅವನು ಬಳಕೆಯಿಂದ ಕಲಿತನು. ಇಪ್ಪತ್ತು ತುಂಬುವ ಮುನ್ನವೇ ಸಂಸ್ಥಾನದ ನೈಋತ್ಯ ಭಾಗದಲ್ಲಿ ಪೊಲೀಸು ಅಧಿಕಾರಿಯಾದನು. ತುಳಜಾಪುರದ ಯಾತ್ರಿಕರು, ವರ್ತಕರು ಹಿಟ್ಟಿನಲ್ಲಿ ಮರಳು ಬೆರಸುತ್ತಾರೆಂದು ದೂರಿಟ್ಟಾಗ, ಆ ವರ್ತಕರನ್ನೇ ಕರೆಸಿ ಅವರವರ ಹಿಟ್ಟನ್ನು ಅವರವರಿಗೇ ತಿನ್ನಿಸಿದನೆಂಬ ಕಥೆಯನ್ನು ಅವನು ಮುದುಕನಾದಮೇಲೂ ಮರೆತಿರಲಿಲ್ಲ. ಶಿಕ್ಷೆ ಶಾಸ್ತ್ರೋಕ್ತವಾದದ್ದೋ ಅಲ್ಲವೋ ಹೇಳಲಾರೆನು. ಕಥೆಗಾರನ ಬುದ್ಧಿ ಮಾತ್ರ ಅದರಲ್ಲಿ ಆಗಲೇ ಕಾಣುತ್ತದೆ.

ಇನ್ನು ಠಗ್ಗರ ವಿಷಯ. ನಮ್ಮ ಭಾಷೆಯಲ್ಲಿ ಠಕ್ಕ ಎಂದರೆ ಮೋಸಗಾರ. ಕೊಲೆಗಾರನೆಂಬ ಅರ್ಥ ಅದಕ್ಕಿಲ್ಲ. ದಾರಿಹೋಕರೊಡನೆ ಸ್ನೇಹ ಬೆಳೆಸಿ, ನಾಲ್ಕಾರು ದಿನ ಜತೆಯಲ್ಲಿ ನಡೆದು, ನಿರ್ಜನವಾದ ಎಡೆಯಲ್ಲಿ ಕೊರಳಿಗೆ ವಸ್ತ್ರವನ್ನು ಬಿಗಿದು ಕೊಂದು ಹೂಳುವವರನ್ನು ಉತ್ತರದಲ್ಲಿ ಠಗ್ಗರೆಂದರು. ದಕ್ಷಿಣದಲ್ಲಿ ಅವರಿಗೆ ಫಾಸಿಗಾರರೆಂಬ ಹೆಸರಿತ್ತು. 1816ರಲ್ಲಿ ಇವರ ವಿಷಯವಾಗಿ ಮದರಾಸಿನಲ್ಲಿ ಲೇಖನವನ್ನು ಬರೆದ ಷರ್ವುಡ್ ಎಂಬ ವೈದ್ಯನು, ಕನ್ನಡದಲ್ಲಿ ಇವರನ್ನು ತಂತಿಗಳ್ಳರೆನ್ನುವರೆಂದು ಗುರುತುಹಾಕಿದ್ದಾನೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿಯೇ ಬೆಂಗಳೂರಿನ ಸುತ್ತಿನಲ್ಲಿ ಇಂಥವರು ಸುಮಾರು ನೂರು ಮಂದಿ ಸಿಕ್ಕಿಬಿದ್ದಿದ್ದರು.

ಟೇಲರನು ಪೊಲೀಸಿನಲ್ಲಿದ್ದಾಗ ದಾರಿಗಳಲ್ಲಿ ಗುರುತಿಲ್ಲದ ಹೆಣಗಳು ಸಿಕ್ಕುತ್ತಿದ್ದುವು. ಕೊಂದವರು ಯಾರೆಂದು ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಹುದ್ದೆ ರದ್ದಾಗಿ ಅವನು ಸೈನ್ಯಕ್ಕೆ ಹಿಂದಿರುಗಬೇಕಾಯಿತು. ಸ್ಲೀಮನ್ ಎಂಬ ಅಧಿಕಾರಿಯು ಜಬ್ಬಲಪುರದಲ್ಲಿ ಠಗ್ಗರ ಜಾಲವನ್ನು ಬಿಡಿಸಿ ಕೀರ್ತಿವಂತನಾದನು. ಇನ್ನು ಸ್ವಲ್ಪ ಕಾಲ ತಾನಲ್ಲಿದ್ದಿದ್ದರೆ ಆ ಕೀರ್ತಿ ತನಗೆ ಬರುತ್ತಿತ್ತೆಂಬ ಕೊರಗು ಟೇಲರನಿಗೆ ಕಡೆಯವರೆಗೂ ಇತ್ತು. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಕಣ್ಣೆದುರಿಗಿದ್ದುದನ್ನು ತಾನು ಕಾಣದೆಹೋದೆನೆಂಬ ಈ ಕೊರಗೇ ಅವನ ಕಾದಂಬರಿಯ ಬೇರು.

ಆ ಬೇರು ಎಷ್ಟು ಆಳವಾಗಿತ್ತೆಂಬುದಕ್ಕೆ ಕಾದಂಬರಿಯ ಉಪೋದ್ಘಾತದಲ್ಲಿ ಅವನೇ ಹೇಳಿರುವ ಒಂದು ಸಂಗತಿಯುಂಟು. ಹಿಂಗೋಲಿಯ ದಂಡಿನಲ್ಲಿ ಹರಿಸಿಂಗನೆಂಬ ಮರ್ಯಾದಸ್ಥನಾದ ವರ್ತಕನಿದ್ದನು. ಟೇಲರನೂ ಅವನೊಡನೆ ವ್ಯವಹಾರ ಮಾಡಿದವನೇ. ಒಂದು ಸಲ ಈ ಹರಿಸಿಂಗನು, ಮುಂಬಯಿಯಿಂದ ಬಟ್ಟೆಯನ್ನು ತರಿಸಬೇಕಾಗಿದೆ, ರಹದಾರಿ ಕೊಡಬೇಕೆಂದು ಅಧಿಕಾರಿಯನ್ನು ಕೇಳಿ ಪಡೆದುಕೊಂಡನು. ಬಟ್ಟೆಯೇನೋ ಮುಂಬಯಿಯಿಂದ ಬರುತ್ತಿದ್ದುದು ನಿಜ. ಆದರೆ ಅದು ಬೇರೊಬ್ಬ ವರ್ತಕನದು. ಹರಿಸಿಂಗನು ದಾರಿಯಲ್ಲಿ ಆ ವರ್ತಕನನ್ನೂ ಅವನ ಆಳುಗಳನ್ನೂ ಎತ್ತು ಹೊಡೆಯುವವರನ್ನೂ ಕೊಲ್ಲಿಸಿ, ಸರ್ಕಾರದ ರಹದಾರಿಯನ್ನೇ ತೋರಿಸುತ್ತ ಮಾಲನ್ನು ತಂದು, ದಂಡಿನ ನಡುವೆ ಹಾಡಹಗಲಲ್ಲಿ ಮಾರಿದನು. ಮುಂದೆ ಸೆರೆಸಿಕ್ಕಿ ತಾನಾಗಿ ಹೇಳುವವರೆಗೂ ಈ ಕೃತ್ಯವು ಯಾರಿಗೂ ತಿಳಿಯಲಿಲ್ಲ. ಮುಖ್ಯ ಪಹರೆಯಿಂದ ನೂರು ಗಜದ ಅಂತರದಲ್ಲಿದ್ದ ಬಜಾರಿನಲ್ಲಿ ಜನರು ಸತ್ತಿದ್ದರು. ಹೂತ ಕುಳಿಗಳನ್ನು ತೆಗೆಯುವಾಗ ಟೇಲರನು ಪಕ್ಕದಲ್ಲಿ ನಿಂತಿದ್ದನು.

ತಾವೇ ಆಲೋಚಿಸಿರಿ. ತಾನು ಬಟ್ಟೆ ಕೊಂಡ ಅಂಗಡಿಯವನು; ದಿನವೂ ಸಲಾಮು ಮಾಡಿದವನು. ಕೊಲೆಗಾರನು ಕತ್ತಲೆಯಿಂದ ಹಾರಿ ಬರುವ ಪಿಶಾಚಿಯಲ್ಲ, ಲೆಕ್ಕದ ಪುಸ್ತಕವನ್ನಿಟ್ಟ ನೆರೆಯವನು. ಇಂಥ ಒಂದು ಅನುಭವವಿದ್ದರೆ ಮಂಜು ಬೇಕಾಗುವುದಿಲ್ಲ.

ಮುಂದೆ ಟೇಲರನು ಸೆರೆಸಿಕ್ಕ ಠಗ್ಗರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸದಲ್ಲಿ ತೊಡಗಿದನು. ಅವರಲ್ಲೊಬ್ಬನು, ಅಮೀರ್ ಅಲಿಯೆಂಬವನು, 719 ಜನರ ಕೊಲೆಯಲ್ಲಿ ತನ್ನ ಪಾಲಿತ್ತೆಂದು ಹೇಳಿಕೊಂಡನಂತೆ. ಕಾದಂಬರಿಯು ಅವನ ಹೆಸರನ್ನೇ ಹೊತ್ತಿದೆ. ಸೆರೆಯಲ್ಲಿ ಕುಳಿತ ಅಮೀರ್ ಅಲಿಯು ಒಬ್ಬ ಸಾಹೇಬನಿಗೆ ತನ್ನ ಕಥೆಯನ್ನು ಹೇಳುತ್ತಾನೆ. ಬಾಲ್ಯದಲ್ಲಿ ಅವನ ತಂದೆತಾಯಿಗಳನ್ನು ಠಗ್ಗರು ಕೊಂದರು. ಅವರ ನಾಯಕರಲ್ಲೊಬ್ಬನಾದ ಇಸ್ಮಾಯಿಲನು ಹುಡುಗನನ್ನು ಮಗನಂತೆ ಸಾಕಿದನು. ಸಾಕಿದವನು ಯಾರೆಂದು ತಿಳಿಯದೆ ಹುಡುಗನು ಅವನ ವಿದ್ಯೆಯನ್ನೇ ಕಲಿತನು. ತಾನು ಕೊಂದ ಒಬ್ಬ ಹೆಂಗಸು ತನ್ನ ಸ್ವಂತ ತಂಗಿಯೆಂಬುದು, ಅವಳ ಕೊರಳಲ್ಲಿದ್ದ ಗುರುತಿನಿಂದ, ಬಹುಕಾಲದ ಮೇಲೆ ಅವನಿಗೆ ಗೊತ್ತಾಗುತ್ತದೆ. ಇದರಲ್ಲಿ ಪತ್ತೇದಾರನೇ ಇಲ್ಲ. ಅಪರಾಧಿ ಯಾರೆಂಬುದು ಮೊದಲ ಪುಟದಲ್ಲಿಯೇ ತಿಳಿದಿದೆ. ಗೂಢವಾಗಿರುವುದು, ಅಪರಾಧಿಯು ತಾನು ಯಾರೆಂದು ತಿಳಿಯದಿರುವುದು.

ಹೇಳಿದ್ದೆಲ್ಲವೂ ಬಹುಮಟ್ಟಿಗೆ ನಿಜ, ಘಟನೆಗಳನ್ನು ಹೆಣೆಯುವುದಕ್ಕಾಗಿ ಮಾತ್ರ ಕಲ್ಪನೆಯನ್ನು ಬೆರಸಿದೆನೆಂದು ಟೇಲರನು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಪುಸ್ತಕವು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ವಿಕ್ಟೋರಿಯಾ ರಾಣಿಯು ಅಚ್ಚಿನ ಹಾಳೆಗಳು ಸಿದ್ಧವಾದಂತೆಲ್ಲ ತರಿಸಿಕೊಂಡು ಓದಿದಳೆಂದು ಹೇಳುವುದುಂಟು. ಮರುವರ್ಷ, 1840ರಲ್ಲಿ, 'ಟಿಪ್ಪೂ ಸುಲ್ತಾನ್' ಎಂಬ ಇನ್ನೊಂದು ಕಾದಂಬರಿ. ಅದಾದ ಮೇಲೆ 1863ರವರೆಗೆ ಅವನ ಕಾದಂಬರಿಯೊಂದೂ ಬರಲಿಲ್ಲ. ಇಪ್ಪತ್ತಮೂರು ವರ್ಷ! ವರ್ಷಕ್ಕೆರಡು ಪುಸ್ತಕ ಬರದಿದ್ದರೆ ತಾನು ಸತ್ತೆನೆಂದು ತಿಳಿಯುವ ಇಂದಿನ ಬರೆಹಗಾರರು ಈ ಅಂಕಿಯನ್ನು ಗಮನಿಸಬಹುದು. ಆ ಅವಧಿಯಲ್ಲಿ ಅವನು ಸುಮ್ಮನಿರಲಿಲ್ಲ. 1840ರಿಂದ 1853ರವರೆಗೆ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದನು. ಹಗಲೆಲ್ಲ ಸುರಪುರದ ಆಡಳಿತ, ಕೆರೆ, ರಸ್ತೆ, ಕಂದಾಯ. ಅನಂತರ ಬಂದ 'ತಾರಾ' ಎಂಬ ಕಾದಂಬರಿಯಲ್ಲಿ ಅಫಜಲಖಾನ ಶಿವಾಜಿಯರ ಕಾಲದ ತುಳಜಾಪುರವೂ ವಿಜಾಪುರವೂ ಕಣ್ಣಿಗೆ ಕಟ್ಟುವಂತಿರುವುದಕ್ಕೆ ಆ ಇಪ್ಪತ್ತಮೂರು ವರ್ಷಗಳ ಕುದುರೆಸವಾರಿಯೇ ಕಾರಣ.

ನನ್ನ ವಿದ್ಯಾರ್ಥಿಯ ಊರಿನ ಸಮೀಪಕ್ಕೆ ಈಗ ಬರೋಣ. ಸುರಪುರದಲ್ಲಿದ್ದ ಕಾಲದಲ್ಲಿ ಟೇಲರನು ಸುತ್ತಮುತ್ತಲಿನ ಬೃಹತ್‌ಶಿಲಾ ಸಮಾಧಿಗಳನ್ನು ಹುಡುಕಿ ನೋಡಿದನು. ರಾಜನಕೋಳೂರಿನ ಕಲ್ಲುಮನೆಗಳನ್ನು ಜನರು ಮೋರಿಯರ ಮನೆಗಳೆನ್ನುವುದನ್ನು ಕೇಳಿ ಬರೆದಿಟ್ಟನು. ಭೀಮಾತೀರದಲ್ಲಿ ಫಿರೋಜಾಬಾದಿನ ಬಳಿ, ಜೇವರ್ಗಿಯಲ್ಲಿ, ಕಲ್ಲುಗುಪ್ಪೆಗಳನ್ನು ಅಗೆಯಿಸಿದನು. ಆ ಕಾಲದಲ್ಲಿ ಅಗೆತವೆಂದರೆ ಮಡಕೆಗಳನ್ನೂ ನಾಣ್ಯಗಳನ್ನೂ ಕಿತ್ತು ತರುವುದು. ಟೇಲರನು ಹಾಗೆ ಮಾಡಲಿಲ್ಲ. ಮಣ್ಣಿನ ಪದರಗಳು ಹೇಗಿದ್ದುವು, ಯಾವ ಕಲ್ಲಿನ ಕೆಳಗೆ ಯಾವ ಮೂಳೆ, ಯಾವ ಮೂಳೆಯ ಪಕ್ಕಕ್ಕೆ ಯಾವ ಮಡಕೆ ಎಂಬುದನ್ನೆಲ್ಲ ಕಡಿದು ತೋರಿಸುವಂತೆ ಚಿತ್ರ ಬರೆದನು. ನೂರು ವರ್ಷಗಳ ತರುವಾಯ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥವೇ ಸಮಾಧಿಗಳನ್ನು ಅಗೆಯಿಸಿದ ಮಾರ್ಟಿಮರ್ ವೀಲರನು ಈ ಚಿತ್ರಗಳನ್ನು ಮನಸಾರೆ ಹೊಗಳಿದನು.

ಜೇವರ್ಗಿಯ ಗುಪ್ಪೆಗಳಲ್ಲಿ ಟೇಲರನಿಗೆ ಕಂಡದ್ದು, ಅಡ್ಡಾದಿಡ್ಡಿಯಾಗಿ ಬಿದ್ದ ಅಸ್ಥಿಪಂಜರಗಳು. ಕೆಲವುಗಳ ತಲೆಬುರುಡೆಗಳು ದೇಹದಿಂದ ಬೇರೆಯಾಗಿದ್ದುವು. ಠಗ್ಗರ ಕುಳಿಗಳನ್ನು ತೆಗೆಸಿದ್ದವನ ಕಣ್ಣಿಗೆ ಇದು ಹೇಗೆ ಕಂಡಿರಬಹುದು! ಇದು ನರಬಲಿಯೇ ಇರಬೇಕೆಂದು ಅವನು ಊಹಿಸಿದನು. ಈಗಿನ ಪುರಾತತ್ತ್ವಜ್ಞರು ಅಷ್ಟು ಅವಸರಪಡುವುದಿಲ್ಲ. ಸತ್ತವರ ಅಸ್ಥಿಗಳನ್ನು ಕೆಲಕಾಲದ ಮೇಲೆ ಆಯ್ದು ತಂದು ಹೂಳುವ ಪದ್ಧತಿಯು ಆ ಕಾಲದಲ್ಲಿತ್ತು. ಒಂದೇ ಸಮಾಧಿಯನ್ನು ಮತ್ತೆ ಮತ್ತೆ ತೆರೆದು ಬಳಸುವುದೂ ಇತ್ತು. ತಲೆ ಬೇರೆಯಾಗಿರುವುದಕ್ಕೆ ಕೊಲೆಯೊಂದೇ ಕಾರಣವಾಗಬೇಕಿಲ್ಲ. ಹಾಗಾದರೆ ಟೇಲರನ ಶ್ರಮ ವ್ಯರ್ಥವಾಯಿತೆ? ಇಲ್ಲ. ಅವನ ಚಿತ್ರಗಳು ನಿಷ್ಕೃಷ್ಟವಾಗಿರುವುದರಿಂದಲೇ ಅವನ ಊಹೆಯನ್ನು ನಾವು ಇಂದು ಪ್ರಶ್ನಿಸಬಲ್ಲೆವು. ಪತ್ತೇದಾರಿ ಕಥೆಯನ್ನು ಬರೆಯಲೆಳಸುವ ತರುಣರಿಗೆ ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತುಗಳಲ್ಲಿ ಇದೊಂದು: ವಾಚಕನ ಮುಂದೆ ಮೂಳೆಗಳನ್ನು ಸಿಕ್ಕಿದಂತೆಯೇ ಇಡಿರಿ. ನಿಮ್ಮ ಪತ್ತೇದಾರನು ತಪ್ಪಿದರೂ ವಾಚಕನು ಸರಿಯಾದುದನ್ನು ಕಂಡುಕೊಳ್ಳುವಂತಿರಬೇಕು. ಸಾಕ್ಷ್ಯವನ್ನು ಬಚ್ಚಿಟ್ಟುಕೊಂಡು ಕೊನೆಯ ಅಧ್ಯಾಯದಲ್ಲಿ ಜೇಬಿನಿಂದ ತೆಗೆಯುವ ಕಥೆಗಾರನು ಹಿಟ್ಟಿನಲ್ಲಿ ಮರಳು ಬೆರಸಿದವನಿಗೆ ಸಮಾನ.

ಇಷ್ಟರಲ್ಲಿ ತಮ್ಮಲ್ಲಿ ಕೆಲವರಿಗೆ ಒಂದು ಸಂಶಯ ಹುಟ್ಟಿರಬೇಕು. ಮೂಳೆಗಳ ವಿಷಯದಲ್ಲಿ ಇಷ್ಟು ಜಾಗರೂಕನಾದವನು ಮಾತುಗಳ ವಿಷಯದಲ್ಲಿ ಹಾಗಿದ್ದನೆ? ಅಮೀರ್ ಅಲಿಯು ಹೇಳಿದ 719ರ ಲೆಕ್ಕವನ್ನು ಯಾರು ಎಣಿಸಿ ನೋಡಿದರು?

ಇದು ಕ್ಲಿಷ್ಟವಾದ ಪ್ರಶ್ನೆ. ಇದನ್ನು ಜಾರಿಸುವ ಹಾಗಿಲ್ಲ. ಠಗ್ಗರ ವಿಚಾರಣೆಯು ನಡೆದದ್ದು ಮಾಫಿ ಸಾಕ್ಷಿಗಳ ಬಲದಿಂದ. ಸೆರೆಸಿಕ್ಕವನು ತನ್ನ ಜತೆಗಾರರನ್ನು ಹಿಡಿದುಕೊಟ್ಟರೆ ನೇಣು ತಪ್ಪುತ್ತಿತ್ತು. 1836ರ ಮೂವತ್ತನೆಯ ಕಾಯಿದೆಯ ಮೇರೆಗೆ, ಒಬ್ಬನು ಇಂಥವನನ್ನು ಕೊಂದನೆಂದು ಸಿದ್ಧಪಡಿಸುವುದೂ ಅಗತ್ಯವಿರಲಿಲ್ಲ. ಅವನು ಠಗ್ಗರ ಗುಂಪಿಗೆ ಸೇರಿದವನೆಂದು ತೋರಿಸಿದರೆ ಸಾಕು, ಯಾವಜ್ಜೀವ ಸೆರೆ. ಹಗ್ಗವು ಒಬ್ಬನ ಕೈಯಲ್ಲಿಯೂ ಕೊರಳು ಇನ್ನೊಬ್ಬನದೂ ಆಗಿರುವಾಗ ಹೇಳಿದ ಕಥೆಯಲ್ಲಿ ಹೇಳುವವನದೆಷ್ಟು, ಕೇಳುವವನದೆಷ್ಟು? ಕೇಳುವ ಸಾಹೇಬನಿಗೆ ಭಯಾನಕವಾದುದು ಬೇಕೆಂದು ಗೊತ್ತಾದಮೇಲೆ ಸೆರೆಯಾಳು ಅದನ್ನು ಕೊಡದೆ ಇರುವನೆ? ದಾರಿಗಳಲ್ಲಿ ಕೊಲೆಗಳಾದುದು ಸುಳ್ಳಲ್ಲ, ಕುಳಿಗಳೂ ಸುಳ್ಳಲ್ಲ. ಆದರೆ ದೇಶವನ್ನೆಲ್ಲ ವ್ಯಾಪಿಸಿದ, ಕಾಳಿಗೆ ಪ್ರತಿಜ್ಞೆ ಮಾಡಿದ ಒಂದೇ ಪಂಥವಿತ್ತೆಂಬ ಚಿತ್ರವನ್ನು ಇತ್ತೀಚಿನ ಚರಿತ್ರಕಾರರು ಬಹಳವಾಗಿ ಸಂದೇಹಿಸುತ್ತಾರೆ. ಬರ, ನಿರುದ್ಯೋಗ, ಚದರಿದ ಸೈನ್ಯಗಳು, ಇವುಗಳಿಂದ ಹುಟ್ಟಿದ ದರೋಡೆಯೇ ಅದರಲ್ಲಿ ಬಹುಪಾಲೆನ್ನುತ್ತಾರೆ. ಆ ಚಿತ್ರದ ಜಾಡಿನಲ್ಲಿಯೇ 1871ರಲ್ಲಿ ಹುಟ್ಟಿನಿಂದಲೇ ಕೆಲವು ಜಾತಿಗಳನ್ನು ಅಪರಾಧಿಗಳೆಂದು ಕರೆಯುವ ಕಾಯಿದೆ ಬಂದಿತು. ಒಂದು ಒಳ್ಳೆಯ ಕಾದಂಬರಿಯು ಒಂದು ಕೆಟ್ಟ ಕಾಯಿದೆಗೆ ಎಷ್ಟರ ಮಟ್ಟಿಗೆ ದಾರಿ ಮಾಡಿತೆಂದು ತೂಗಿ ಹೇಳುವುದು ಕಷ್ಟ. ಏನೂ ಮಾಡಲಿಲ್ಲವೆನ್ನುವುದು ಇನ್ನೂ ಕಷ್ಟ.

ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ಮೇಲೆ ಸಾಕ್ಷ್ಯವಾಗಿ ನಡೆಸಕೂಡದೆಂಬ ನಿಯಮವು 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು. 2024ರ ಜುಲೈಯಿಂದ ಜಾರಿಗೆ ಬಂದಿರುವ ಹೊಸ ಕಾಯಿದೆಯಲ್ಲಿಯೂ ಅದಿದೆ. ನ್ಯಾಯಾಲಯವು ನಂಬದಿರುವುದನ್ನು ನಮ್ಮ ಪತ್ತೇದಾರಿ ಕಾದಂಬರಿಗಳು ಮಾತ್ರ ಕೊನೆಯ ಹತ್ತು ಪುಟಗಳಲ್ಲಿ ಧಾರಾಳವಾಗಿ ನಂಬುತ್ತವೆ. ಪತ್ತೇದಾರನು ಗದರಿಸುವನು, ಖೂನಿಯು ಕುಸಿದು ಎಲ್ಲವನ್ನೂ ಒಪ್ಪುವನು, ಕಥೆ ಮುಗಿಯಿತು. 'ಪತ್ತೇದಾರ ಪುರುಷೋತ್ತಮ'ನನ್ನು ಸೃಷ್ಟಿಸಿ ನೂರಾರು ಕಾದಂಬರಿಗಳನ್ನು ಬರೆದು 2011ರಲ್ಲಿ ತೀರಿಕೊಂಡ ಎನ್. ನರಸಿಂಹಯ್ಯನವರು ಹೆಚ್ಚಿನ ಶಾಲಾಶಿಕ್ಷಣವಿಲ್ಲದೆಯೇ ಲಕ್ಷಾಂತರ ಕನ್ನಡಿಗರಿಗೆ ಓದುವ ಚಟವನ್ನು ಹಚ್ಚಿದರು. ಆ ಉಪಕಾರವನ್ನು ಪಂಡಿತರು ಸಾಲದಷ್ಟು ಮಾತ್ರ ನೆನೆಯುತ್ತಾರೆಂದು ನನ್ನ ದೂರು. ನನ್ನ ವಿದ್ಯಾರ್ಥಿಯೂ ತನ್ನ ತಂದೆಯ ಪೆಟ್ಟಿಗೆಯಲ್ಲಿದ್ದ ಅವರ ಪುಸ್ತಕಗಳಿಂದಲೇ ಓದನ್ನು ಕಲಿತವನು. ಆದರೆ ಚಟ ಹತ್ತಿದಮೇಲೆ ಮುಂದಿನ ಹೆಜ್ಜೆಯನ್ನಿಡಬೇಕಷ್ಟೆ. ತಪ್ಪೊಪ್ಪಿಗೆಯಿಂದ ಮುಗಿಯುವ ಕಥೆಗಿಂತ ತಪ್ಪೊಪ್ಪಿಗೆಯಿಂದ ಆರಂಭವಾಗುವ ಕಥೆಯಲ್ಲಿ ಗೂಢತೆ ಹೆಚ್ಚು.

ಟೇಲರನ ಸ್ವಂತ ಜೀವನದಲ್ಲಿಯೇ ತಪ್ಪೊಪ್ಪಿಗೆಯೊಂದು ಬರಬೇಕಾದ ಎಡೆಯಲ್ಲಿ ಬರಲಿಲ್ಲ. ಅದನ್ನು ಹೇಳದಿದ್ದರೆ ಈ ಭಾಷಣವು ಅರ್ಧವಾಗುತ್ತದೆ.

ಅವನು 1841ರಲ್ಲಿ ಸುರಪುರಕ್ಕೆ ಬಂದಾಗ ರಾಜಾ ವೆಂಕಟಪ್ಪ ನಾಯಕನು ಏಳೆಂಟು ವರ್ಷದ ಹುಡುಗ. ತಾಯಿ ರಾಣಿ ಈಶ್ವರಮ್ಮನ ಕಡೆಯವರಿಗೂ ಬಂಧುಗಳಿಗೂ ನಡೆದ ತಿಕ್ಕಾಟದ ನಡುವೆ ಹುಡುಗನನ್ನು ಸಾಕಿ ಕಲಿಸಿದವನು ಟೇಲರನು. ಹುಡುಗನು ಅವನನ್ನು "ಅಪ್ಪಾ" ಎಂದು ಕರೆಯುತ್ತಿದ್ದನು. ಊರಿನ ಜನರು ಮಹಾದೇವ ಬಾಬಾ ಎನ್ನುತ್ತಿದ್ದರಂತೆ. ಅವನ ಬಂಗಲೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿದೆ. ರಾಜನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಜಾತಕವನ್ನು ನೋಡಿದ ಬ್ರಾಹ್ಮಣರು ಗುಟ್ಟಾಗಿ ಹೇಳಿದ್ದುದು ಟೇಲರನಿಗೂ ತಿಳಿದಿತ್ತು. ಅವನು ಅದನ್ನು ನಂಬಿರಲಿಲ್ಲ. 1853ರಲ್ಲಿ ರಾಜನಿಗೆ ಅಧಿಕಾರವನ್ನೊಪ್ಪಿಸಿ, ತಾನು ನಳದುರ್ಗ ಜಿಲ್ಲೆಯ ಆಡಳಿತಕ್ಕೆ ಹೊರಟುಹೋದನು.

1858ರ ಫೆಬ್ರವರಿಯಲ್ಲಿ ಸುರಪುರವು ಇಂಗ್ಲೀಷರ ಮೇಲೆ ತಿರುಗಿಬಿದ್ದಿತು. ಊರು ಬಿದ್ದಮೇಲೆ ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಆಗ ಬೀರಾರಿನಲ್ಲಿದ್ದ ಟೇಲರನನ್ನು ಸುರಪುರಕ್ಕೆ ಹಿಂದಕ್ಕೆ ಕಳುಹಿಸಿದರು. ದಾರಿಯಲ್ಲಿ ಅವನು ಸೆರೆಮನೆಗೆ ಹೋಗಿ ರಾಜನನ್ನು ಕಂಡನು. ದಂಗೆಗೆ ಪ್ರೇರಿಸಿದವರ ಹೆಸರುಗಳನ್ನು ರಾಜನ ಬಾಯಿಂದ ಹೊರಡಿಸಬಲ್ಲವನು ಯಾರಾದರೂ ಇದ್ದರೆ ಅದು ಇವನೇ ಎಂದು ಮೇಲಧಿಕಾರಿಗಳ ಆಶೆ. ಎಂಥ ಸಂದರ್ಭ! ತಪ್ಪೊಪ್ಪಿಗೆಗಳ ಗ್ರಂಥಕರ್ತನೇ ಎದುರಿಗೆ ಕುಳಿತಿದ್ದಾನೆ. ಅಪ್ಪಾ ಎಂದು ಕರೆದ ಹುಡುಗನು ಸರಪಳಿಯಲ್ಲಿದ್ದಾನೆ. ಹೆಸರು ಹೇಳಿದರೆ ಜೀವ ಉಳಿಯಬಹುದು. ರಾಜನು ಹೇಳಲಿಲ್ಲ. ಬೇರೆಯವರನ್ನು ಹಿಡಿದುಕೊಟ್ಟು ಬದುಕಲಾರೆನೆಂದನು. ಕಳ್ಳನಂತೆ ನೇಣುಹಾಕಬೇಡಿರಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿರಿ ಎಂಬುದೊಂದನ್ನು ಮಾತ್ರ ಬೇಡಿದನು. ಇದೆಲ್ಲವನ್ನೂ ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ಮರಣದಂಡನೆಯಾಯಿತು, ಅದು ದ್ವೀಪಾಂತರವಾಗಿ ತಗ್ಗಿತು, ಕಡೆಗೆ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಜಾತಕದ ಮಾತು ಸುಳ್ಳಾಯಿತೆಂದು ಟೇಲರನು ಸುರಪುರದಲ್ಲಿ ಹರ್ಷಿಸಿದನು. ಆ ಹರ್ಷವು ಉಳಿಯಲಿಲ್ಲ. ಪ್ರಯಾಣದ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜನು ಗುಂಡು ತಗುಲಿ ಸತ್ತನೆಂಬ ಸುದ್ದಿ ಬಂದಿತು. ತನ್ನ ಕೈಯಿಂದಲೇ ಹೊಡೆದುಕೊಂಡನೆಂದು ಟೇಲರನು ಬರೆಯುತ್ತಾನೆ. ಅವನಾದರೂ ಅಲ್ಲಿದ್ದು ಕಂಡವನಲ್ಲ, ಕೇಳಿದುದನ್ನು ಬರೆದಿದ್ದಾನೆ. ಆಗ ರಾಜನಿಗೆ ನಡೆಯುತ್ತಿದ್ದುದು ಇಪ್ಪತ್ತನಾಲ್ಕನೆಯ ವರ್ಷ.

ಭವಿಷ್ಯವಾಣಿ, ಸೆರೆಮನೆ, ಮೌನ, ಮರೆತಿಟ್ಟ ಪಿಸ್ತೂಲು, ಇವೆಲ್ಲವೂ ಸಿದ್ಧವಾಗಿದ್ದರೂ, ಮುಂದೆ 'ತಾರಾ' (1863), 'ರಾಲ್ಫ್ ಡಾರ್ನೆಲ್' (1865), 'ಸೀತಾ' (1872) ಎಂದು ಕಾದಂಬರಿಗಳನ್ನು ಬರೆಯುತ್ತ ಹೋದ ಟೇಲರನು ಈ ಸಂಗತಿಯನ್ನು ಅಲಂಕರಿಸದೆ ಆತ್ಮಕಥೆಯಲ್ಲಿ ಹಾಗೆಯೇ ಬಿಟ್ಟನು. ಅಮೀರ್ ಅಲಿಯ ಬಾಯಲ್ಲಿ ಮೂರು ಸಂಪುಟಗಳಷ್ಟು ಮಾತನ್ನಿಟ್ಟವನಿಗೆ ಈ ಹುಡುಗನ ಬಾಯಲ್ಲಿ ಒಂದು ಮಾತನ್ನೂ ಕಟ್ಟಿ ಇಡುವ ಧೈರ್ಯ ಬರಲಿಲ್ಲವೆಂದು ನಾನು ತಿಳಿಯುತ್ತೇನೆ. ಓದುವವರಿಗೆ ಆ ಕೆಲವು ಪುಟಗಳು ಅವನ ಕಾದಂಬರಿಗಳಿಗಿಂತ ಹೆಚ್ಚಾಗಿ ನಾಟುತ್ತವೆ. 1875ರ ಹೊತ್ತಿಗೆ ಅವನ ಕಣ್ಣುಗಳು ಹೋದುವು. ಕೊನೆಯ ಸಲ ಹೈದರಾಬಾದಿಗೆ ಬಂದು, ಜ್ವರ ಹಿಡಿದು, ಹಿಂದಿರುಗುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೆಂಟನಿನಲ್ಲಿ ತೀರಿಕೊಂಡನು. ಆತ್ಮಕಥೆಯನ್ನು ಮಗಳು ಮರುವರ್ಷ ಅಚ್ಚುಹಾಕಿಸಿದಳು.

ಇಷ್ಟನ್ನು ಕೇಳಿದ ಮೇಲೆ ನನ್ನ ವಿದ್ಯಾರ್ಥಿಯು ನೋಟುಪುಸ್ತಕವನ್ನು ಎತ್ತಿಕೊಂಡು, "ಹಂಗಾದ್ರ ನಾ ಏನ್ ಬರೀಬೇಕ್ರಿ ಸರ್?" ಎಂದನು. ಬರೆಯುವುದಕ್ಕೆ ಮುಂಚೆ ಆರು ತಿಂಗಳು ಕೇಳು ಎಂದೆನು. ತೊಗರಿ ತೂಗುವ ಅಡತಿ ಅಂಗಡಿಯಲ್ಲಿ ಕುಳಿತುಕೋ. ಹುಣ್ಣಿಮೆಯ ದಿನ ಗಾಣಗಾಪುರದ ಬಸ್ಸಿನಲ್ಲಿ ಅಪರಿಚಿತರು ಹೇಗೆ ಪರಿಚಿತರಾಗುವರೆಂಬುದನ್ನು ನೋಡು. ಆಳಂದದ ದರ್ಗಾದ ಉರುಸಿನಲ್ಲಿ ಕಳೆದುಹೋದ ಮಕ್ಕಳ ಹೆಸರನ್ನು ಕೂಗುವವನ ಪಕ್ಕದಲ್ಲಿ ನಿಲ್ಲು. ತಾಲ್ಲೂಕು ನ್ಯಾಯಾಲಯದಲ್ಲಿ ಬೆಂಚಿನ ಕೊನೆಗೆ ಜಾಗ ಯಾವಾಗಲೂ ಇರುತ್ತದೆ. ಯಾರು ಏನು ಹೇಳಿದರೆಂಬುದರ ಜತೆಗೆ ಯಾರ ಮುಂದೆ ಹೇಳಿದರೆಂಬುದನ್ನೂ ಬರೆದುಕೋ. ನಿಜವಾದ ಹೆಸರುಗಳನ್ನು ಮಾತ್ರ ಪುಸ್ತಕಕ್ಕೆ ತರಬೇಡ.

ಈ ಆಷಾಢದಲ್ಲಿ ಅವನು ಮೂವತ್ತು ಪುಟಗಳನ್ನು ತಂದನು. ಲಂಡನ್ನಿರಲಿಲ್ಲ. ಅಡತಿ ಅಂಗಡಿಯ ಗುಮಾಸ್ತನೊಬ್ಬನು ಪೊಲೀಸು ಠಾಣೆಯಲ್ಲಿ ಕುಳಿತು, ಮಾಲಿಕನನ್ನು ತಾನೇ ಕೊಂದೆನೆಂದು ಹೇಳುವುದರಿಂದ ಕಥೆ ಮೊದಲಾಗುತ್ತದೆ. ಕಾಗುಣಿತದ ತಪ್ಪುಗಳು ಬೇಕಾದಷ್ಟು. ಓದಿ ಮುಗಿಸಿ, "ಅವನು ಇದನ್ನು ಹೇಳುವಾಗ ಆ ಕೋಣೆಯಲ್ಲಿ ಇನ್ನು ಯಾರು ಯಾರಿದ್ದರು?" ಎಂದು ಕೇಳಿದೆನು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡು ಹೋದನು. ದೀಪಾವಳಿಯ ರಜೆ ಮುಗಿದಮೇಲೆ ತರುತ್ತೇನೆಂದು ಹೇಳಿದ್ದಾನೆ.